ಆಣೆಗೆ ಎಷ್ಟು ಬೈಟು?

ಹೊನ್ನಾವರ ತಾಲೂಕಿನ ಕಾಸರಕೋಡಿನಲ್ಲಿ ಅಣ್ಣತಮ್ಮಂದಿರ ಹಿಸ್ಸೆ ಕೂಡಿಸಲು ಕ್ಯಾಲ್ಕುಲೇಟರ್ ಹಿಡಿದರೆ ಲೆಕ್ಕ ತಪ್ಪುತ್ತದೆ. ಒಬ್ಬನದು 25 ಗುಂಟೆ 8 ಆಣೆ, ಇನ್ನೊಬ್ಬನದು 14 ಗುಂಟೆ 8 ಆಣೆ ಎಂದಿಟ್ಟುಕೊಳ್ಳಿ. ಎಕರೆ-ಗುಂಟೆ-ಆಣೆ ಕ್ರಮದಲ್ಲಿ ಬರೆದರೆ 0-25-8 ಮತ್ತು 0-14-8. ಎರಡೂ ಸೇರಿದರೆ ಸರಿಯಾಗಿ ಒಂದು ಎಕರೆ, ಅಂದರೆ 1-0-0. 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದಾಗ ರೂಪಾಯಿ ಆಣೆಯನ್ನು ಬಿಟ್ಟುಕೊಟ್ಟಿತು. ಜಮೀನು ಬಿಡಲಿಲ್ಲ.

ಇದು ಮುಂಬಯಿ ಪ್ರಾಂತ್ಯದ ಸರ್ವೆಯವರು ಬಿಟ್ಟುಹೋದ ಲೆಕ್ಕ. ಅವರ ಸರಪಳಿ 33 ಅಡಿ. 33 ಅಡಿ ಉದ್ದ, 33 ಅಡಿ ಅಗಲದ ಚೌಕ, ಅಂದರೆ 1,089 ಚದರ ಅಡಿ, ಒಂದು ಗುಂಟೆ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನ ಕೈಯಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಅದರ ಗುರುತು ಇಂದಿಗೂ ಮಾಸಿಲ್ಲ. ಭಟ್ಕಳ ದಾಟಿ ಬೈಂದೂರು ಕಡೆಯ ಶಿರೂರಿಗೆ ಹೋದರೆ ಜನರ ಬಾಯಲ್ಲಿ ಗುಂಟೆ ಮಾಯವಾಗಿ ಸೆಂಟ್ಸ್ ಬರುತ್ತದೆ. ಅಲ್ಲಿ ಎಕರೆಗೆ 100 ಸೆಂಟ್ಸ್. ಹೀಗಾಗಿ 1.20 ಎಂದು ಬರೆದ ಚೀಟಿ ಹೊನ್ನಾವರದಲ್ಲಿ ಒಂದೂವರೆ ಎಕರೆ, ಕುಂದಾಪುರದಲ್ಲಿ ಒಂದು ಎಕರೆ ಇಪ್ಪತ್ತು ಸೆಂಟ್ಸ್. ನಡುವಿನ ವ್ಯತ್ಯಾಸ 12 ಗುಂಟೆ. ಕರಾವಳಿಯಲ್ಲಿ 12 ಗುಂಟೆಗೆ ಕೋರ್ಟು ಮೆಟ್ಟಿಲು ಹತ್ತಿದ ಮನೆತನಗಳನ್ನು ಹುಡುಕಲು ಬಹಳ ದೂರ ಹೋಗಬೇಕಿಲ್ಲ.

ಇಂಥ ಅಳತೆಯನ್ನು ಡೇಟಾಬೇಸಿನಲ್ಲಿ ಹೇಗೆ ಇಡಬೇಕು ಎಂಬುದು ಈ ವಾರದ ವಿಷಯ. ಕಂಪ್ಯೂಟರಿಗೆ ಹುಟ್ಟಿನಿಂದ ಗೊತ್ತಿರುವ ನಮೂನೆಗಳು ಕೆಲವೇ: ಪೂರ್ಣಾಂಕ, ದಶಮಾಂಶ, ಅಕ್ಷರ, ದಿನಾಂಕ. ಗುಂಟೆ ಅದಕ್ಕೆ ಗೊತ್ತಿಲ್ಲ. 0.25ಕ್ಕೆ 0.25 ಸೇರಿಸು ಎಂದರೆ 0.50 ಎನ್ನುತ್ತದೆ, ನಮಗೆ ಬೇಕಾದದ್ದು ಒಂದು ಎಕರೆ ಹತ್ತು ಗುಂಟೆ. ಆಗ ಯಾರಿಗಾದರೂ ಹೊಳೆಯುವ ದಾರಿ, ನಮ್ಮದೇ ಒಂದು ಡೇಟಾ ಟೈಪ್ ಮಾಡಿಕೊಳ್ಳೋಣ ಎಂಬುದು.

ಹೊಳೆದದ್ದು ನಮಗೆ ಮೊದಲಲ್ಲ. ಅಮೆರಿಕದ ಬರ್ಕ್‌ಲಿಯಲ್ಲಿ ಇಂಗ್ರೆಸ್ ಎಂಬ ಡೇಟಾಬೇಸ್ ಕಟ್ಟಿದ ಮೈಕೆಲ್ ಸ್ಟೋನ್‌ಬ್ರೇಕರ್ ಒಂದು ಪ್ರಸಂಗವನ್ನು ಮತ್ತೆ ಮತ್ತೆ ಹೇಳುತ್ತಾರೆ. ಬಾಂಡ್ ವ್ಯವಹಾರದ ಗಿರಾಕಿಯೊಬ್ಬ ಅವರಿಗೆ ಫೋನು ಮಾಡಿ, ನಿಮ್ಮ ದಿನಾಂಕದ ಕಳೆಯುವ ಲೆಕ್ಕವೇ ತಪ್ಪು ಎಂದನಂತೆ. ಮಾರ್ಚ್ 15ರಿಂದ ಫೆಬ್ರುವರಿ 15 ಕಳೆದರೆ ಇಂಗ್ರೆಸ್ 28 ದಿನ ಎನ್ನುತ್ತಿತ್ತು. ಆದರೆ ಅವನ ಬಾಂಡುಗಳ ಬಡ್ಡಿಯ ಲೆಕ್ಕದಲ್ಲಿ ಎಲ್ಲ ತಿಂಗಳಿಗೂ 30 ದಿನ. ಪಂಚಾಂಗ ಸರಿಯೋ ಗಿರಾಕಿ ಸರಿಯೋ? ಇಬ್ಬರೂ ಸರಿ. 1986ರ ಹೊತ್ತಿಗೆ ಅವರು ಶುರುಮಾಡಿದ ಪೋಸ್ಟ್‌ಗ್ರೆಸ್ ಯೋಜನೆಯ ಮುಖ್ಯ ಉದ್ದೇಶಗಳಲ್ಲಿ ಇದೂ ಒಂದಾಗಿತ್ತು: ಬಳಸುವವನೇ ತನ್ನ ನಮೂನೆಯನ್ನೂ ಅದರ ಕೂಡು-ಕಳೆಯನ್ನೂ ಡೇಟಾಬೇಸಿಗೆ ಕಲಿಸುವಂತಿರಬೇಕು. ಆಮೇಲೆ ಒರಾಕಲ್‌ನಲ್ಲೂ ಈ ಸೌಲಭ್ಯ ಬಂತು, 1999ರ ಎಸ್‌ಕ್ಯುಎಲ್ ಮಾನದಂಡದಲ್ಲೂ ಸೇರಿತು. ಸ್ಟೋನ್‌ಬ್ರೇಕರ್‌ಗೆ 2014ರ ಟ್ಯೂರಿಂಗ್ ಪ್ರಶಸ್ತಿ ಬಂತು. ಅವರ ಯೋಜನೆಯ ಮರಿಮಗು ಪೋಸ್ಟ್‌ಗ್ರೆಎಸ್‌ಕ್ಯುಎಲ್ (ರೂಢಿಯಲ್ಲಿ ಅದೂ ಪೋಸ್ಟ್‌ಗ್ರೆಸ್ಸೇ) ಇವತ್ತು ಪುಕ್ಕಟೆಯಾಗಿ ಸಿಗುತ್ತದೆ, ಮತ್ತು ನಮ್ಮ ಆಣೆಯ ಲೆಕ್ಕವನ್ನು ಅದರಲ್ಲೇ ಇಟ್ಟು ನೋಡಬಹುದು.

ಪಹಣಿಯನ್ನೊಮ್ಮೆ ಕೈಯಲ್ಲಿ ಹಿಡಿಯಿರಿ. ವಿಸ್ತೀರ್ಣದ ಅಂಕಣದಲ್ಲಿ ಒಂದೇ ಸಂಖ್ಯೆ ಇರುವುದಿಲ್ಲ. ಒಟ್ಟು ವಿಸ್ತೀರ್ಣ, ಖರಾಬು ಅ, ಖರಾಬು ಬ, ಕೊನೆಗೆ ಉಳಿದದ್ದು, ಹೀಗೆ ನಾಲ್ಕು. ಪ್ರತಿಯೊಂದೂ ಎಕರೆ-ಗುಂಟೆ-ಆಣೆ. ಕರ್ನಾಟಕದ ‘ಭೂಮಿ’ ಯೋಜನೆ 2000ದ ಆಚೀಚೆ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಗ್ರಾಮಲೆಕ್ಕಿಗರ ಕೈಬರಹದ ಪಹಣಿ ಹೋಗಿ 15 ರೂಪಾಯಿಯ ಮುದ್ರಿತ ಪ್ರತಿ ಬಂದದ್ದು ಆಗ. ನಾನೀಗ ಮಾಡುವುದು ಆ ಯೋಜನೆಯ ಒಳಗಿನ ಕಟ್ಟೋಣದ ವಿಮರ್ಶೆಯಲ್ಲ. ಅಷ್ಟೇ ಗಾತ್ರದ ದಾಖಲೆಯನ್ನು ಪೋಸ್ಟ್‌ಗ್ರೆಸ್‌ನಲ್ಲಿ ನಾವೇ ಇಡಹೊರಟರೆ ಏನಾಗುತ್ತದೆ ಎಂಬ ಅಂದಾಜು.

ಮೊದಲ ಉತ್ಸಾಹದಲ್ಲಿ ಎಲ್ಲರೂ ಮಾಡುವುದು ಸಂಯುಕ್ತ ಟೈಪ್. ‘ವಿಸ್ತೀರ್ಣ’ ಎಂದು ಹೆಸರಿಟ್ಟು, ಅದರೊಳಗೆ ಎಕರೆಗೆ 4 ಬೈಟಿನ ಪೂರ್ಣಾಂಕ, ಗುಂಟೆಗೆ 2, ಆಣೆಗೆ 2 ಎಂದು ಮೂರು ಖಾನೆ ಮಾಡುತ್ತಾರೆ. ಒಟ್ಟು 8 ಬೈಟು. ಓದಲು ಚೆಂದ, ಹೇಳಲು ಚೆಂದ. ಆದರೆ ಡಿಸ್ಕಿನ ಮೇಲೆ ಅದು 8 ಬೈಟು ಹಿಡಿಯುವುದಿಲ್ಲ, 29 ಹಿಡಿಯುತ್ತದೆ.

ಉಳಿದ 21 ಎಲ್ಲಿಂದ ಬಂತು? ಪೋಸ್ಟ್‌ಗ್ರೆಸ್‌ನ ಟೇಬಲ್ಲಿನಲ್ಲಿ ಪ್ರತಿ ಸಾಲಿಗೂ ಒಂದು ತಲೆಪಟ್ಟಿ ಇರುತ್ತದೆ. ಈ ಸಾಲನ್ನು ಯಾವ ವ್ಯವಹಾರ ಸೇರಿಸಿತು, ಯಾವುದು ಅಳಿಸಿತು, ಹೊಸ ಪ್ರತಿ ಎಲ್ಲಿದೆ, ಖಾಲಿ ಕಾಲಂ ಇದೆಯೇ ಎಂಬೆಲ್ಲ ವಿವರಕ್ಕೆ 23 ಬೈಟು, ಎಂಟರ ಗುಣಕಕ್ಕೆ ಹೊಂದಿಸಿ 24. ಸಾಲಿಗೆ ಇದು ಬೇಕೇ ಬೇಕು. ಇದಿಲ್ಲದೆ ಇಬ್ಬರು ಏಕಕಾಲಕ್ಕೆ ಒಂದೇ ಪಹಣಿ ತಿದ್ದಿದರೆ ಗೊಂದಲವಾಗುತ್ತದೆ. ತೊಂದರೆ ಏನೆಂದರೆ ಸಂಯುಕ್ತ ಟೈಪಿನ ಬೆಲೆಯೂ ಪೋಸ್ಟ್‌ಗ್ರೆಸ್‌ನ ಕಣ್ಣಿಗೆ ಒಂದು ಪುಟ್ಟ ಸಾಲು. ಸಾಲಿನೊಳಗೊಂದು ಸಾಲು. ಆದ್ದರಿಂದ ಅದಕ್ಕೂ ಅದೇ ಅಚ್ಚಿನ ತಲೆಪಟ್ಟಿ. ವ್ಯವಹಾರದ ಸಂಖ್ಯೆಗಳ ಜಾಗದಲ್ಲಿ ಒಟ್ಟು ಉದ್ದ ಮತ್ತು ‘ನಾನು ಯಾವ ಟೈಪ್’ ಎಂಬ ಗುರುತು ಕೂರುತ್ತವೆ, ಹೊಸ ಪ್ರತಿಯ ವಿಳಾಸಕ್ಕಿದ್ದ 6 ಬೈಟು ಏನೂ ಉಪಯೋಗವಿಲ್ಲದೆ ಉಳಿಯುತ್ತದೆ. ಡಿಸ್ಕಿಗೆ ಬರೆಯುವಾಗ ಉದ್ದದ 4 ಬೈಟನ್ನು 1ಕ್ಕೆ ಇಳಿಸಿ ಮೂರು ಬೈಟು ಉಳಿಸುತ್ತದೆ, ಹಾಗಾಗಿ 32 ಅಲ್ಲ, 29. ಆದರೂ ಕಾಲಮಿನಲ್ಲಿರುವ ಎರಡು ಕೋಟಿ ಬೆಲೆಗಳಲ್ಲಿ ಪ್ರತಿಯೊಂದೂ ತಾನು ‘ವಿಸ್ತೀರ್ಣ’ ಟೈಪ್ ಎಂದು ಬೇರೆ ಬೇರೆಯಾಗಿ ಬರೆದುಕೊಂಡಿರುತ್ತದೆ, ಆ ಕಾಲಮಿನಲ್ಲಿ ಬೇರೇನೂ ಇರಲು ಸಾಧ್ಯವೇ ಇಲ್ಲದಿದ್ದರೂ. ಕಾಸರಕೋಡು ಬಂದರಿನಲ್ಲಿ ಒಂದೊಂದು ಬಂಗಡೆಗೂ ಒಂದೊಂದು ಐಸು ಪೆಟ್ಟಿಗೆ ಕೊಟ್ಟು, ಮೇಲೆ ‘ಬಂಗಡೆ’ ಎಂದು ಚೀಟಿ ಅಂಟಿಸಿದ ಹಾಗೆ.

ಈಗ ಗುಣಾಕಾರ. ಪೋಸ್ಟ್‌ಗ್ರೆಸ್ ಡಿಸ್ಕಿನಿಂದ ಓದುವುದು 8,192 ಬೈಟಿನ ಪುಟಗಳ ಲೆಕ್ಕದಲ್ಲಿ. ಪುಟದ ತಲೆಗೆ 24 ಹೋಗಿ 8,168 ಉಳಿಯುತ್ತದೆ. ನಮ್ಮ ಸಾಲಿನಲ್ಲಿ ಊರಿನ ಸಂಕೇತ 4 ಬೈಟು, ಸರ್ವೆ ನಂಬರು 4 ಬೈಟು, ನಾಲ್ಕು ವಿಸ್ತೀರ್ಣ. ವಿಸ್ತೀರ್ಣಗಳು ಸಂಯುಕ್ತ ಟೈಪಾದರೆ ಒಂದು ಸಾಲು ತಲೆಪಟ್ಟಿ, ಹೊಂದಾಣಿಕೆ, ಪುಟದೊಳಗಿನ ಸೂಚಿ ಎಲ್ಲ ಸೇರಿ 156 ಬೈಟು; ಪುಟಕ್ಕೆ 52 ಸಾಲು. ಅದೇ ವಿಸ್ತೀರ್ಣವನ್ನು ಬರೀ ಆಣೆಗೆ ಇಳಿಸಿ 4 ಬೈಟಿನ ಒಂದು ಪೂರ್ಣಾಂಕವಾಗಿ ಇಟ್ಟರೆ ಸಾಲು 52 ಬೈಟು, ಪುಟಕ್ಕೆ 157. ಮೂರು ಪಟ್ಟು. ಎರಡು ಕೋಟಿ ಸಾಲಿಗೆ ಒಂದು ಕಡೆ 315 ಕೋಟಿ ಬೈಟು, ಇನ್ನೊಂದು ಕಡೆ 104 ಕೋಟಿ.

ಇಷ್ಟಕ್ಕೆ ಗಾಬರಿಯಾಗಬೇಕೇ ಎಂದು ಕೇಳಿದರೆ, ಡಿಸ್ಕಿನ ದುಡ್ಡಿಗಾಗಿ ಖಂಡಿತ ಬೇಡ. 300 ಕೋಟಿ ಬೈಟು ಇವತ್ತಿನ ಸಾಧಾರಣ ಫೋನಿನ ಮೂಲೆಯಲ್ಲಿ ಕೂರುತ್ತದೆ. ಹಾರ್ಡ್‌ಡಿಸ್ಕ್ ಅಗ್ಗವಾಗಿರುವಾಗ ಈ ಜಿಪುಣತನ ಯಾಕೆ ಎಂದು ಕೇಳುವ ಎಂಜಿನಿಯರುಗಳು ಬೇಕಾದಷ್ಟು ಜನ ಇದ್ದಾರೆ, ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಡಿಸ್ಕಿನಲ್ಲಿಲ್ಲ, ಮೆಮೊರಿಯಲ್ಲಿದೆ. ಒಂದು ಹೋಬಳಿಯ ಒಟ್ಟು ಖರಾಬು ಎಷ್ಟು ಎಂದು ಕೇಳಿದಾಗ ಮೂರು ಪಟ್ಟು ಪುಟಗಳು ಮೆಮೊರಿಗೆ ಬರಬೇಕು, ಬರುವಾಗ ಬೇರೆ ಯಾವುದೋ ಪುಟಗಳನ್ನು ಹೊರಗೆ ತಳ್ಳಬೇಕು. ಇನ್ನೊಂದು, ಪೋಸ್ಟ್‌ಗ್ರೆಸ್ ಸಾಲನ್ನು ಇದ್ದಲ್ಲೇ ತಿದ್ದುವುದಿಲ್ಲ. ಒಂದು ಖಾನೆ ಬದಲಾದರೂ ಇಡೀ ಸಾಲಿನ ಹೊಸ ಪ್ರತಿ ಬರೆದು, ಹಳೆಯದನ್ನು ಆಮೇಲೆ ಗುಡಿಸುತ್ತದೆ. ಹಕ್ಕು ಬದಲಾವಣೆ, ಪೋಡಿ, ವಾರಸಾ ಎಂದು ಜಮೀನಿನ ದಾಖಲೆಗೆ ತಿದ್ದುಪಡಿ ನಿಲ್ಲುವುದೇ ಇಲ್ಲ. ಪ್ರತಿ ಬಾರಿಯೂ ಆ ನಾಲ್ಕು ತಲೆಪಟ್ಟಿಗಳು ನಕಲಾಗುತ್ತವೆ. ಬ್ಯಾಕಪ್ಪಿಗೂ ಹೋಗುತ್ತವೆ, ಇನ್ನೊಂದು ಊರಿನ ಕನ್ನಡಿ ಸರ್ವರಿಗೂ ಹೋಗುತ್ತವೆ.

ತಮಾಷೆಯ ವಿಷಯವೆಂದರೆ, ಯಾವ ವಿದ್ಯೆಯೂ ಇಲ್ಲದ ದಾರಿ ಇದಕ್ಕಿಂತ ಅಗ್ಗ. ‘1-20-8’ ಎಂದು ಬರೀ ಅಕ್ಷರವಾಗಿ ಬರೆದರೆ 6 ಬೈಟು, ಉದ್ದಕ್ಕೆ 1, ಒಟ್ಟು 7. ಕನ್ನಡ ಅಂಕಿಯಲ್ಲಿ ‘೧-೨೦-೮’ ಎಂದು ಬರೆದರೂ 15 ಬೈಟು ದಾಟುವುದಿಲ್ಲ. ಶಾಸ್ತ್ರೋಕ್ತ ಟೈಪಿನ 29ರ ಎದುರು ಗುಮಾಸ್ತನ ಗೀಚು ಗೆದ್ದಿತು. ಹಾಗೆಂದು ಅದನ್ನು ಯಾರಿಗೂ ಶಿಫಾರಸು ಮಾಡಲಾರೆ. ಅಕ್ಷರವಾಗಿಟ್ಟ ವಿಸ್ತೀರ್ಣವನ್ನು ಕೂಡಿಸಲು ಬರುವುದಿಲ್ಲ, ಕ್ರಮವಾಗಿ ಜೋಡಿಸಿದರೆ 10 ಎಕರೆ 2 ಎಕರೆಗಿಂತ ಮೊದಲು ಬರುತ್ತದೆ, 1-57-8 ಎಂದು ಟೈಪಿಸಿದರೂ ಯಾರೂ ತಡೆಯುವುದಿಲ್ಲ. ಸಂಯುಕ್ತ ಟೈಪಿಗೂ ಈ ಕೊನೆಯ ರೋಗ ಇದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. 0-50-0 ಎಂದರೆ ನಿಜದಲ್ಲಿ ಒಂದು ಎಕರೆ ಹತ್ತು ಗುಂಟೆ. ಆದರೆ ಖಾನೆ ಖಾನೆಯಾಗಿ ಹೋಲಿಸುವ ಪೋಸ್ಟ್‌ಗ್ರೆಸ್ ಅದನ್ನು 1-5-0ಕ್ಕಿಂತ ಚಿಕ್ಕದು ಎನ್ನುತ್ತದೆ. ಕೂಡುವುದನ್ನೂ ನಾವೇ ಬರೆದುಕೊಡಬೇಕು.

ಹೀಗಾಗಿ ನನ್ನ ಒಲವು ಪೂರ್ಣಾಂಕದ ಕಡೆಗೆ, ಅದರ ಮೇಲೊಂದು ಹೆಸರಿನ ಕಡೆಗೆ. ಪೋಸ್ಟ್‌ಗ್ರೆಸ್‌ನಲ್ಲಿ ಡೊಮೇನ್ ಎಂಬುದೊಂದಿದೆ. ಇರುವ ಟೈಪಿಗೆ ಹೊಸ ಹೆಸರು ಕೊಟ್ಟು, ‘ಸೊನ್ನೆಗಿಂತ ಕಡಿಮೆ ಇರಕೂಡದು’ ಎಂಬಂಥ ಕಟ್ಟಳೆ ಹಾಕಬಹುದು. ಕಟ್ಟಳೆಯ ತಪಾಸಣೆ ಬರೆಯುವ ಹೊತ್ತಿಗೆ ನಡೆಯುತ್ತದೆ. ಡಿಸ್ಕಿನ ಮೇಲೆ ಅದು ಹಳೆಯ 4 ಬೈಟೇ, ಒಂದು ಬೈಟೂ ಹೆಚ್ಚಿಲ್ಲ. ಹೆಸರು, ಅರ್ಥ, ಶಿಸ್ತು ಮೂರೂ ಪುಕ್ಕಟೆ ಬಂದವು. ದುಡ್ಡು ಕೇಳಿದ್ದು ಆ ಐಸು ಪೆಟ್ಟಿಗೆ, ಅಂದರೆ ಸಂಯುಕ್ತ ಟೈಪಿನ ತಲೆಪಟ್ಟಿ, ಮಾತ್ರ. ತೆರೆಯ ಮೇಲೆ 1-20-8 ಎಂದು ತೋರಿಸುವುದಕ್ಕೆ ಭಾಗಾಕಾರದ ಒಂದು ಪುಟ್ಟ ಫಂಕ್ಷನ್ ಸಾಕು, ಓದಿಕೊಳ್ಳುವುದಕ್ಕೆ ಇನ್ನೊಂದು.

4 ಬೈಟಿನಲ್ಲಿ ಎಷ್ಟು ಆಣೆ ಹಿಡಿಯುತ್ತದೆ ಎಂಬ ಅನುಮಾನ ಸಹಜ. ಅದರ ಮಿತಿ 214 ಕೋಟಿಯ ಚಿಲ್ಲರೆ. ಎಕರೆಗೆ 640 ಆಣೆ. ಇಡೀ ಉತ್ತರ ಕನ್ನಡ ಜಿಲ್ಲೆ, ಘಟ್ಟ, ಕಾಡು, ಹೊಳೆ ಎಲ್ಲ ಸೇರಿ, ಸುಮಾರು 10,291 ಚದರ ಕಿಲೋಮೀಟರು. ಎಕರೆಯಲ್ಲಿ 25 ಲಕ್ಷದ ಮೇಲೆ, ಆಣೆಯಲ್ಲಿ 163 ಕೋಟಿಯಷ್ಟು. ಜಿಲ್ಲೆಗೆ ಜಿಲ್ಲೆಯೇ, ಆಣೆ ಆಣೆಯಾಗಿ ಬಿಡಿಸಿದರೂ, ನಾಲ್ಕು ಬೈಟಿನ ಒಂದು ಖಾನೆಯಲ್ಲಿ ಕೂರುತ್ತದೆ.

ಆದರೆ ಲೆಕ್ಕ ಭಟ್ಕಳದ ಆಚೆ ದಾಟುವುದಿಲ್ಲ. ಸೆಂಟ್ಸನ್ನು ಆಣೆಗೆ ಇಳಿಸಲು ಹೋದರೆ 6.4 ಬರುತ್ತದೆ, ಪೂರ್ಣಾಂಕವಲ್ಲ. ಎರಡೂ ಕಡೆಯ ಜಮೀನು ಒಂದೇ ಟೇಬಲ್ಲಿನಲ್ಲಿ ಇರಬೇಕೆಂದರೆ ಎರಡನ್ನೂ ನಿಶ್ಶೇಷವಾಗಿ ಭಾಗಿಸುವ ಇನ್ನೂ ಚಿಕ್ಕ ಮೂಲಮಾನ ಬೇಕು. 640 ಮತ್ತು 100ರ ಲಘುತಮ ಸಾಮಾನ್ಯ ಅಪವರ್ತ್ಯ 3,200. ಆರನೇ ಕ್ಲಾಸಿನಲ್ಲಿ ಇದನ್ನು ಕಲಿಸಿದ ಮೇಷ್ಟ್ರಿಗೆ ಇದೆಲ್ಲಿ ಉಪಯೋಗಕ್ಕೆ ಬರುತ್ತದೆ ಸರ್ ಎಂದು ಕೇಳಿದವರು ಈಗ ಗಮನವಿಡಬೇಕು. ಎಕರೆಯ 3,200ನೇ ಒಂದು ಭಾಗ, ಅಂದರೆ ಹದಿಮೂರೂವರೆ ಚದರ ಅಡಿಯ ಸುಮಾರು, ನಮ್ಮ ಮೂಲಮಾನವಾದರೆ ಆಣೆ 5, ಸೆಂಟ್ಸ್ 32, ಗುಂಟೆ 80. ದಶಮಾಂಶವಿಲ್ಲ, ದುಂಡಾಗಿಸುವ ಗೋಜಿಲ್ಲ, ಹಿಸ್ಸೆ ಕೂಡಿಸಿದಾಗ ಒಂದು ಆಣೆ ಎಲ್ಲಿಗೋ ಹೋಯಿತು ಎಂಬ ತಕರಾರಿಲ್ಲ. ಈಗ 4 ಬೈಟಿನ ಮಿತಿ 6 ಲಕ್ಷ 71 ಸಾವಿರ ಎಕರೆಗೆ ಇಳಿಯುತ್ತದೆ. ಜಿಲ್ಲೆ ಹಿಡಿಯುವುದಿಲ್ಲ ನಿಜ, ಆದರೆ ಸರ್ವೆ ನಂಬರೊಂದು ಅಷ್ಟು ದೊಡ್ಡದಿರುವುದಿಲ್ಲ. ಮೊತ್ತ ಮಾಡುವಾಗ ಪೋಸ್ಟ್‌ಗ್ರೆಸ್ ತಾನಾಗಿಯೇ 8 ಬೈಟಿನ ಪೂರ್ಣಾಂಕಕ್ಕೆ ಏರಿಕೊಳ್ಳುತ್ತದೆ. ಜಮೀನು ಗುಂಟೆಯ ಸೀಮೆಯದೋ ಸೆಂಟ್ಸಿನ ಸೀಮೆಯದೋ ಎಂಬುದು ಊರಿನ ಸಂಕೇತದಿಂದಲೇ ತಿಳಿಯುವುದರಿಂದ, ತೋರಿಸುವಾಗ ಯಾವ ರೂಪ ಎಂದು ಸಾಲು ಸಾಲಿಗೂ ಬರೆದಿಡಬೇಕಾಗಿಲ್ಲ.

ಇನ್ನೊಂದು ಜಾತಿಯ ಟೈಪ್ ಕನ್ನಡದಲ್ಲಿ ದಾಖಲೆ ಇಡುವವರಿಗೆ ವಿಶೇಷವಾಗಿ ಒಗ್ಗುತ್ತದೆ, ಅದು ಎನಮ್. ತರಿ, ಖುಷ್ಕಿ, ಬಾಗಾಯ್ತು ಎಂಬಂಥ ಗೊತ್ತಾದ ಕೆಲವೇ ಹೆಸರುಗಳ ಪಟ್ಟಿ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ, ಅಕ್ಷರಕ್ಕೆ, ಕಾಗುಣಿತದ ಗುರುತಿಗೆ, ಒತ್ತಿನ ನಡುವಿನ ವಿರಾಮಕ್ಕೆ, ತಲಾ 3 ಬೈಟು. ‘ಕಾಸರಕೋಡು’ ಎಂಟು ಚಿಹ್ನೆ, 24 ಬೈಟು. ‘ಬಾಗಾಯ್ತು’ ಕೂಡ ಎಂಟು ಚಿಹ್ನೆ, 24. ಎನಮ್ ಮಾಡಿದರೆ ಹೆಸರು ಒಂದು ಕಡೆ ಒಂದೇ ಸಲ ಬರೆದಿದ್ದು, ಟೇಬಲ್ಲಿನ ಸಾಲುಗಳಲ್ಲಿ ಬರೀ 4 ಬೈಟಿನ ಗುರುತು ಇರುತ್ತದೆ. ನಮೂನೆ ಮಾಡಿಕೊಂಡದ್ದಕ್ಕೆ ಹೊರೆ ಏರುವ ಬದಲು ಇಳಿಯುವ ಸಂದರ್ಭ ಇದು. ಒಂದು ಕೊಕ್ಕೆ ಇದೆ: ಎನಮ್‌ನ ಹೆಸರು 63 ಬೈಟು ಮೀರಕೂಡದು. ಇಂಗ್ಲಿಷಿನವರಿಗೆ ಅದು 63 ಅಕ್ಷರ, ನಮಗೆ 21 ಚಿಹ್ನೆ. ‘ಅಡಿಕೆ ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟ’ ಎಂದು ಬರೆದು ನೋಡಿ, 91 ಬೈಟು, ಪೋಸ್ಟ್‌ಗ್ರೆಸ್ ಒಪ್ಪುವುದಿಲ್ಲ. ‘ಸೊಪ್ಪಿನ ಬೆಟ್ಟ’ ಎಂದಷ್ಟೇ ಹೇಳಿ ಮುಗಿಸಬೇಕು. ಹಾಗೆ ಹೇಳಿದರೆ ಹೊನ್ನಾವರ, ಸಿರಸಿಯ ತೋಟಿಗರಿಗೆ ಅರ್ಥವಾಗದೆ ಇರದು.

ಸಿ ಭಾಷೆಯಲ್ಲಿ ಹೊಸ ಮೂಲ ಟೈಪನ್ನೇ ಬರೆಯುವ ದಾರಿಯೂ ಇದೆ. ಅದು ಒಳಗೆ ನಾಲ್ಕೇ ಬೈಟು ಇಟ್ಟು ಹೊರಗೆ 1-20-8 ಎಂದು ಮಾತಾಡುತ್ತದೆ, ಕೂಡುತ್ತದೆ, ಹೋಲಿಸುತ್ತದೆ, ಹೊರೆ ಸೊನ್ನೆ. ಕೇಳಲು ಇದೇ ಉತ್ತಮ. ಆದರೆ ಡೇಟಾಬೇಸ್ ಆವೃತ್ತಿ ಬದಲಾದಾಗಲೆಲ್ಲ ಆ ಕೋಡನ್ನು ಮತ್ತೆ ಕಟ್ಟಿಕೊಡುವವರು ಬೇಕು, ಬಾಡಿಗೆಯ ಕ್ಲೌಡ್ ಡೇಟಾಬೇಸುಗಳಲ್ಲಿ ಸಾಮಾನ್ಯವಾಗಿ ನಮ್ಮ ಸಿ ಕೋಡನ್ನು ಒಳಗೆ ಬಿಡುವುದೇ ಇಲ್ಲ. ಬರೆದ ಹುಡುಗ ಬೆಂಗಳೂರಿನಲ್ಲಿ ಕೆಲಸ ಬದಲಿಸಿದ ಮೇಲೆ ಕಾರವಾರದ ಕಚೇರಿಯಲ್ಲಿ ಅದನ್ನು ಯಾರು ನೋಡುತ್ತಾರೆ? ಜಮೀನಿನ ದಾಖಲೆ ಸಾಫ್ಟ್‌ವೇರುಗಳಿಗಿಂತ ಹೆಚ್ಚು ಕಾಲ ಬದುಕುವ ವಸ್ತು. ಒರಾಕಲ್ ಈ ವಿಷಯದಲ್ಲಿ ಬೇರೆ ಜಾಣತನ ತೋರಿದೆ: ಸಂಯುಕ್ತ ಟೈಪನ್ನು ಬಿಡಿಸಿ ಒಳಗಿನ ಖಾನೆಗಳನ್ನು ಮರೆಯ ಕಾಲಂಗಳಾಗಿ ಟೇಬಲ್ಲಿನಲ್ಲೇ ಇಡುತ್ತದೆ, ಖಾಲಿಯೋ ಅಲ್ಲವೋ ಎಂಬ ಗುರುತನ್ನಷ್ಟೇ ಜೊತೆಗಿಡುತ್ತದೆ. ಆದ್ದರಿಂದ ಒಂದರಲ್ಲಿ ಕಂಡ ಹೊರೆಯನ್ನು ಇನ್ನೊಂದರ ಮೇಲೆ ಹೇರಿ ಮಾತಾಡುವ ಹಾಗಿಲ್ಲ. ಪೋಸ್ಟ್‌ಗ್ರೆಸ್‌ನವರಿಗೆ ಅಂದಾಜು ಹಾಕುತ್ತ ಕೂರುವ ಅಗತ್ಯವೂ ಇಲ್ಲ. ಯಾವುದೇ ಕಾಲಮಿನ ಬೆಲೆ ಎಷ್ಟು ಬೈಟು ಹಿಡಿದಿದೆ ಎಂದು ಹೇಳುವ ಫಂಕ್ಷನ್ ಅದರಲ್ಲೇ ಇದೆ.

ತಲೆಪಟ್ಟಿ ಯಾವಾಗಲೂ ಕಾಡುತ್ತದೆ ಎಂದೇನಲ್ಲ. ಒಳಗಿನ ಸರಕು ದೊಡ್ಡದಾದಷ್ಟು ಅದು ಕಾಣದಾಗುತ್ತದೆ. ನಿಂತಲ್ಲೇ ಸರ್ವೆ ನಂಬರು ತೋರಿಸುವ ದಿಶಾಂಕ್ ಆ್ಯಪನ್ನು ಈಗ ಜಮೀನು ನೋಡಲು ಬರುವವರೆಲ್ಲ ಹಿಡಿದಿರುತ್ತಾರೆ. ಅಂಥ ಕೆಲಸಕ್ಕೆ ಬೇಕಾದದ್ದು ಜಮೀನಿನ ಆಕಾರ. ಪೋಸ್ಟ್‌ಗ್ರೆಸ್‌ಗೆ ಪೋಸ್ಟ್‌ಜಿಐಎಸ್ ಎಂಬ ಜೋಡಣೆ ಕಲಿಸಿದ ಟೈಪಿನಲ್ಲಿ ಪ್ರತಿ ಮೂಲೆಗೆ 16 ಬೈಟು, ಒಟ್ಟು ಆಕಾರಕ್ಕೆ ಮೇಲಿನ ಹೊರೆ 40ರಷ್ಟು. ನಾಲ್ಕು ಮೂಲೆಯ ಮನೆ ನಿವೇಶನಕ್ಕೆ, ಮೊದಲ ಮೂಲೆಯನ್ನು ಕೊನೆಗೆ ಮತ್ತೆ ಬರೆದು ಮುಚ್ಚುವುದರಿಂದ, ಐದು ಬಿಂದು, 120 ಬೈಟು. ಮೂರರಲ್ಲೊಂದು ಪಾಲು ಹೊರೆ. ಶರಾವತಿಯ ಅಳಿವೆ ಬಾಯಿಯಲ್ಲಿ ಕಾಸರಕೋಡು ಟೊಂಕದ ದಂಡೆಯನ್ನು 500 ಬಿಂದುಗಳಲ್ಲಿ ಗುರುತಿಸಿದರೆ 8,040 ಬೈಟು. ಅದರಲ್ಲಿ 40 ಯಾವ ಲೆಕ್ಕ. ಜೊತೆಗೆ ಸಾಲು 2,000 ಬೈಟಿನ ಆಚೀಚೆ ದಾಟಿತೆಂದರೆ ಪೋಸ್ಟ್‌ಗ್ರೆಸ್ ಇಂಥ ದೊಡ್ಡ ಬೆಲೆಯನ್ನು ಕುಗ್ಗಿಸಿ ನೋಡುತ್ತದೆ, ಆಗಲೂ ಹಿಡಿಯದಿದ್ದರೆ ತುಂಡು ಮಾಡಿ ಪಕ್ಕದ ಇನ್ನೊಂದು ಟೇಬಲ್ಲಿಗೆ ಸಾಗಿಸಿ, ಸಾಲಿನಲ್ಲಿ 18 ಬೈಟಿನ ವಿಳಾಸ ಮಾತ್ರ ಉಳಿಸುತ್ತದೆ. ಖರಾಬು ಎಷ್ಟು ಎಂದಷ್ಟೇ ಕೇಳಿದವನಿಗಾಗಿ ಇಡೀ ದಂಡೆಯನ್ನು ಮೆಮೊರಿಗೆ ಎಳೆದು ತರಬೇಕಾಗುವುದಿಲ್ಲ.